ಕೌದಿಯೊಳಗೆ ಹೋದ ಅಂಗಿ

ದೀಪಾವಳಿ ಮುಗಿದು ವಾರವಾಗಿತ್ತು. ಮುಂಜಾನೆ ಅಂಗಳ ಗುಡಿಸಿ, ನಡ ನೋಯುತ್ತದೆಂದು ಕಟ್ಟೆಯ ಮೇಲೆ ಕೂತಿದ್ದೆ. ಓಣಿಯ ತಿರುವಿನಲ್ಲಿ ಸ್ವೆಟರ್ ಅಕ್ಕ ಕಂಡಳು. ಕೈಯಲ್ಲಿ ಒಂದು ಸಣ್ಣ ಚೀಲ, ಅಷ್ಟೇ. ಬೇರೆ ವರ್ಷಗಳಲ್ಲಿ ಆಕೆ ಬಂದಳೆಂದರೆ ಬಸ್ಸಿನ ಮೇಲಿಂದ ದೊಡ್ಡ ದೊಡ್ಡ ನಾಲ್ಕು ಗಂಟು ಇಳಿಯುತ್ತಿದ್ದವು. ಹಮಾಲ ಅವನ್ನು ಹೊತ್ತು ಬೈಯುತ್ತ ಬರುತ್ತಿದ್ದ, ಆಕೆ ಅವನಿಗೆ ತಿರುಗಿ ಬೈಯುತ್ತ ಬರುತ್ತಿದ್ದಳು. ಈ ಸಲ ಮೆಲ್ಲಗೆ, ಗೋಡೆ ಹಿಡಿದು ಬಂದಳು. ಒಂದೇ ವರ್ಷದಲ್ಲಿ ಭಾಳ ಮುಪ್ಪಾಗಿದ್ದಳು.

“ಯವ್ವಾ, ಗಂಟು ಎಲ್ಲಿ ಅಕ್ಕಾ?” ಎಂದೆ.

“ಗಂಟು ಮುಗೀತು ತಂಗಿ. ಇನ್ನ ಯಾಪಾರ ಮಾಡಂಗಿಲ್ಲ. ಗಂಡ ಹ್ವಾದ, ಮೊಣಕಾಲೂ ಹ್ವಾದ್ವು,” ಎಂದು ನನ್ನ ಪಕ್ಕದಲ್ಲೇ ಕುಸಿದು ಕೂತಳು. “ನನ್ನ ಅಂಗಿ ಒಯ್ಯಾಕ ಬಂದೀನಿ.”

“ಯಾವ ಅಂಗಿ?”

“ದಿಂಬಿನ ಚೀಲದಾಗ ಇತ್ತಲ್ಲ, ಸಣ್ಣದು. ಹ್ವಾದ ವರ್ಷ ಅವಸರದಾಗ ಬಿಟ್ಟು ಹ್ವಾದೆ. ನಿನ್ನ ಮನ್ಯಾಗ ಐತಿ ಅಂತ ನಿಶ್ಚಿಂತಿ ಇದ್ದೆ.”

ಚಹಾ ಇಡುತ್ತೇನೆಂದು ಒಳಗೆ ಹೋದವಳು ಒಲೆ ಹಚ್ಚುವುದನ್ನೇ ಮರೆತು, ತಣ್ಣನೆಯ ನೀರಿಗೆ ಸಕ್ಕರೆ ಹಾಕಿ ನಿಂತುಬಿಟ್ಟೆ.

ನಮ್ಮ ಮನೆ ಇರುವುದು ಗಜೇಂದ್ರಗಡದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ. ಮುಂದಿನ ಕೋಣೆಯನ್ನು ಇಪ್ಪತ್ತು ಚಳಿಗಾಲ ಈ ಅಕ್ಕನಿಗೆ ಬಾಡಿಗೆಗೆ ಕೊಟ್ಟಿದ್ದೇವೆ. ಟಿಬೇಟದವಳು. ಮುಂಡಗೋಡದ ಕಡೆ ಅವರ ಕ್ಯಾಂಪು. ದೀಪಾವಳಿಗೆ ಬಂದು, ಬಸ್ ಸ್ಟ್ಯಾಂಡಿನ ಎದುರಿಗೆ ಹಗ್ಗ ಕಟ್ಟಿ ಸ್ವೆಟರು, ಮಫ್ಲರು, ಕೂಸಿನ ಟೋಪಿ ಮಾರಿ, ಚಳಿ ಇಳಿದ ಮೇಲೆ ಹೋಗುತ್ತಿದ್ದಳು. ಕನ್ನಡವನ್ನು ನಮ್ಮಂತೆಯೇ ಆಡುತ್ತಿದ್ದಳು, ಸಿಟ್ಟು ಬಂದಾಗ ಮಾತ್ರ ಅವರ ಭಾಷೆ. ಆರು ವರ್ಷದವಳಿದ್ದಾಗ ಊರು ಬಿಟ್ಟು, ಸೋದರಮಾವನ ಜೊತೆ ಹಿಮದ ಗುಡ್ಡ ದಾಟಿ ಈ ದೇಶಕ್ಕೆ ಬಂದವಳಂತೆ ಎಂದು ಓಣಿಗೆಲ್ಲ ಗೊತ್ತಿತ್ತು. ಹೇಗೆ ಬಂದೆ, ಯಾರನ್ನು ಬಿಟ್ಟು ಬಂದೆ ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಇಪ್ಪತ್ತು ವರ್ಷ ಒಂದೇ ನಳದ ನೀರು ಹಿಡಿದೆವು, ಆಕೆ ನನ್ನ ರೊಟ್ಟಿ ತಿಂದಳು, ನಾನು ಆಕೆಯ ಉಪ್ಪಿನ ಚಹಾ ಕುಡಿದು ಮಾರಿ ಕಿವುಚಿದೆ. ಆದರೆ ಕೂತು ಕೇಳುವುದಕ್ಕೆ ಯಾರಿಗೆ ಪುರುಸೊತ್ತು?

ನಾನು ಕೌದಿ ಹೊಲಿಯುವವಳು. ಪುರ್ತಗೇರಿ, ಲಕ್ಕಲಕಟ್ಟಿ ಕಡೆಯ ಹೆಣ್ಣುಮಕ್ಕಳು ಸಂತೆಗೆ ಬಂದಾಗ ಹಳೆಯ ಸೀರೆ, ಧೋತರ, ಹರಿದ ಅಂಗಿಗಳನ್ನು ತಂದು ಹಾಕಿ ಹೋಗುತ್ತಾರೆ, ತಿಂಗಳು ಬಿಟ್ಟು ಬಂದು ಕೌದಿ ಒಯ್ಯುತ್ತಾರೆ. ಕೆಳಗೊಂದು ಸೀರೆ, ಮೇಲೊಂದು ಸೀರೆ, ನಡುವೆ ಹೊಟ್ಟೆಗೆ ಹಳೆಯ ಅರಿವೆ ಹಾಸಿ, ಈ ಅಂಚಿನಿಂದ ಆ ಅಂಚಿಗೆ ಒತ್ತೊತ್ತಾಗಿ ಹೊಲಿಗೆ ಹಾಕುತ್ತ ಹೋಗುವುದು. ಈ ಕೆಲಸ ನನಗೆ ಕಲಿಸಿದವಳು ನನ್ನ ಅತ್ತೆ. ಆಕೆಯದು ಒಂದೇ ನೇಮ. ಕೌದಿಯ ಹೊಟ್ಟೆಗೆ ಹಾಕುವ ಅರಿವೆಗೆ ಕತ್ತರಿ ಹಚ್ಚಬಾರದು. ಉಟ್ಟವರ ಮೈಗೆ ಹಚ್ಚಿದಂತೆ ಎನ್ನುತ್ತಿದ್ದಳು. ಅಂಗಿಯಾದರೆ ಹೊಲಿಗೆ ಬಿಚ್ಚಬೇಕು. ತೋಳು ಬೇರೆ, ಬೆನ್ನು ಬೇರೆ, ಎದೆ ಬೇರೆ ಮಾಡಿ, ದಾರವನ್ನು ಎಳೆಎಳೆಯಾಗಿ ಕಿತ್ತು, ಚಪ್ಪಟೆಯಾಗಿ ಹಾಸಬೇಕು. ಒಂದು ತುಂಡು ಹಳೆಯ ದಾರ ಉಳಿದರೂ ಅತ್ತೆ ಕೈ ಮೇಲೆ ಹೊಡೆಯುತ್ತಿದ್ದಳು. ಈಗ ಆಕೆ ಇಲ್ಲ, ನೇಮ ಇದೆ.

ಬಾಣಂತಿಯ ಕೌದಿಯಾದರೆ ನಮ್ಮಲ್ಲಿ ಇನ್ನೊಂದು ರೂಢಿ. ಅದರ ನಟ್ಟನಡುವೆ ಬೇರೆ ಮನೆಯ ಕೂಸಿನ ಒಂದು ಅರಿವೆ ಹಾಕುತ್ತೇವೆ. ಬಾಳಿ ಬದುಕಿ ದೊಡ್ಡದಾದ ಕೂಸಿನದೇ ಆಗಬೇಕು. ಅದರ ಆಯುಷ್ಯ ಇದಕ್ಕೂ ಬರಲಿ ಎಂದು.

ಅಕ್ಕ ಪ್ರತಿವರ್ಷ ಹೋಗುವಾಗ, ನುಸಿ ತಿಂದದ್ದು, ಎಳೆ ಬಿಟ್ಟದ್ದು, ಮಾರಾಟವಾಗದ ಸ್ವೆಟರುಗಳನ್ನು ಒಂದು ಚೀಲಕ್ಕೆ ತುಂಬಿ ಕೋಣೆಯ ಮೂಲೆಯಲ್ಲಿ ಇಟ್ಟು, “ನಿನ್ನ ಕೌದಿ ಹೊಟ್ಟಿಗೆ ಹಾಕ್ಕೋ ತಂಗಿ” ಎಂದು ಹೇಳಿ ಹೋಗುತ್ತಿದ್ದಳು. ಹೋದ ವರ್ಷ ಸಂಕ್ರಾಂತಿಯ ಮರುದಿನ ಮಧ್ಯಾಹ್ನ ಆಕೆಗೆ ಫೋನು ಬಂತು. ಗಂಡನನ್ನು ದವಾಖಾನೆಗೆ ಸೇರಿಸಿದ್ದರು. ಕೈಗೆ ಸಿಕ್ಕದ್ದನ್ನು ಕಟ್ಟಿಕೊಂಡು ಹುಬ್ಬಳ್ಳಿ ಬಸ್ಸು ಹತ್ತಿದಳು. ನಾಲ್ಕು ದಿನ ಬಿಟ್ಟು ನಾನು ಕೋಣೆ ಗುಡಿಸಲು ಹೋದರೆ ಮೂಲೆಯಲ್ಲಿ ಒಂದು ಚೀಲ ಇತ್ತು. ಅವಸರದಲ್ಲೂ ನನ್ನನ್ನು ಮರೆಯಲಿಲ್ಲ ನೋಡು, ಎಂದುಕೊಂಡು ಎತ್ತಿಟ್ಟೆ. ಅದು ನನ್ನ ಚೀಲವಲ್ಲ, ಆಕೆ ತಲೆ ಇಟ್ಟು ಮಲಗುತ್ತಿದ್ದ ದಿಂಬು ಎಂದು ನನಗೆ ಹೊಳೆಯಲೇ ಇಲ್ಲ.

ಆಗ ನನ್ನ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಗಂಡು ಕೂಸು ಹುಟ್ಟಿತು. ಬಾಣಂತಿ ಕೌದಿಗೆ ಕೂತು ಆ ಚೀಲ ಬಿಚ್ಚಿದರೆ, ನಾಲ್ಕು ಹಳೆಯ ಸ್ವೆಟರಿನ ನಡುವೆ ಒಂದು ಪುಟ್ಟ ನಿಲುವಂಗಿ. ಕಂಬಳಿಗಿಂತ ದಪ್ಪ ಉಣ್ಣೆ, ಸುಟ್ಟ ಇಟ್ಟಿಗೆಯ ಬಣ್ಣ, ಹೊಗೆ ವಾಸನೆ. ಐದಾರು ವರ್ಷದ ಕೂಸಿನ ಅಳತೆಗಿಂತ ಒಂದು ಗೇಣು ಹೆಚ್ಚೇ ಉದ್ದ. ಅಕ್ಕನ ಮೊಮ್ಮಗನದೋ ಯಾರದೋ, ಬಾಳಿದ ಕೂಸಿನದೇ ಇರಬೇಕು, ಎಂಥ ಯೋಗಾಯೋಗ ಎಂದು ಖುಷಿಯಾಯಿತು. ಖರೇ ಹೇಳುತ್ತೇನೆ, ಖುಷಿಯಾಯಿತು.

ಬಿಚ್ಚಲು ಕೂತ ಮೇಲೆ ಖುಷಿ ಇಳಿಯಿತು. ಅಂಥ ಬಿಗಿ ಹೊಲಿಗೆಯನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಬ್ಲೇಡು ಎರಡು ಮುರಿದವು. ಮೂರು ಮಧ್ಯಾಹ್ನ ಬೇಕಾಯಿತು. ಎರಡನೆಯ ದಿನ ಬ್ಲೇಡು ಜಾರಿ ಹೆಬ್ಬೆರಳು ಕೊಯ್ದುಕೊಂಡಾಗ ನನ್ನ ಬಾಯಿಗೆ ತಡೆ ಇರಲಿಲ್ಲ. “ಯಾವಾಕಿ ಹೊಲದಾಳೋ ಇದನ್ನ! ಅಕಿ ಕೈ ಸೇದಿ ಹೋಗ್ಲಿ!” ಎಂದೆ. ಒಳಗಿಂದ ಮಗಳು, “ಯವ್ವಾ, ಕೂಸಿನ ಮುಂದ ಹಂಗ ಬೈಬ್ಯಾಡ” ಎಂದಳು. ನಾನು ಬೈಯುವುದು ಬಿಡಲಿಲ್ಲ, ಬಿಚ್ಚುವುದೂ ಬಿಡಲಿಲ್ಲ. ಒಂದು ಎಳೆ ಉಳಿಯದಂತೆ ಕಿತ್ತು, ದಾರವನ್ನೆಲ್ಲ ಉಂಡೆ ಮಾಡಿ ನೀರೊಲೆಗೆ ಹಾಕಿದೆ. ಐದು ತಿಂಗಳಿಗೆ ಮಗಳು ಕೂಸನ್ನೂ ಕೌದಿಯನ್ನೂ ಕಟ್ಟಿಕೊಂಡು ನರಗುಂದಕ್ಕೆ, ಗಂಡನ ಮನೆಗೆ ಹೋದಳು.

ಇದೆಲ್ಲ ಆದದ್ದು ಆಗಿಹೋಗಿತ್ತು. ಈಗ ಆಕೆ ನನ್ನ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದಳು.

“ಯಾರದಕ್ಕಾ ಆ ಅಂಗಿ?” ಎಂದು ಕೇಳಿದೆ. ಇಪ್ಪತ್ತು ವರ್ಷದಲ್ಲಿ ಆಕೆಯ ಹಿಂದಿನದರ ಬಗ್ಗೆ ನಾನು ಕೇಳಿದ ಮೊದಲ ಪ್ರಶ್ನೆ ಅದು.

“ನಂದ. ಬರೂ ಮುಂದ ಉಟ್ಕೊಂಡು ಬಂದದ್ದು. ನಮ್ಮವ್ವ ಕೈಲೆ ಹೊಲದದ್ದು.” ಬಟ್ಟಲನ್ನು ಕೆಳಗಿಟ್ಟಳು. “ಅಕಿ ಬರಲಿಲ್ಲ. ತಮ್ಮ ಹುಟ್ಟಿ ಹದಿನೈದು ದಿನ ಆಗಿತ್ತು, ಎಳೀ ಕೂಸು. ನೀವು ನಡೀರಿ, ಹಿಂದಿಂದ ಬರತೀನಿ ಅಂದ್ಲಂತ. ಬರಲಿಲ್ಲ. ಸುದ್ದೀನೂ ಬರಲಿಲ್ಲ. ಒಂದ ಫೋಟೊ ಇಲ್ಲ ತಂಗಿ. ಅಕಿ ಮಾರಿ ನನಗ ನೆನಪಿಲ್ಲ. ಎಷ್ಟು ನೆನಸಿದ್ರೂ ಬರಂಗಿಲ್ಲ. ಆ ಹೊಲಿಗಿ ಮ್ಯಾಲ ಬೆರಳು ಆಡಿಸಿದ್ರ ಅಕಿ ಕುಂತು ಹೊಲಿಯೂದು ಕಾಣತದ. ಅದಕ್ಕ ದಿಂಬಿನ್ಯಾಗ ಇಟ್ಕೊಂಡು ಮಲಗತಿದ್ದೆ.”

ಆಗಲೇ ಹೇಳಬೇಕಿತ್ತು. ಬಾಯಿ ತೆರೆದೆ ಕೂಡ. ಬಂದದ್ದು ಬೇರೆ ಮಾತು.

“ನರಗುಂದದಾಗ ಐತಿ ಅಕ್ಕಾ. ಮಗಳ ಮನ್ಯಾಗ.”

“ಅಲ್ಲಿಗೆ ಹ್ಯಾಂಗ ಹೋತು?”

“ಕೌದಿ ಹೊಟ್ಟ್ಯಾಗ ಹೋತು. ನೀ ಕೌದಿಗೆ ಬಿಟ್ಟು ಹೋಗಿದ್ದಿ ಅಂತ ತಿಳದೆ. ತಪ್ಪಾತು.”

“ಕೌದಿ ಬಿಚ್ಚಿದ್ರ ಸಿಗತದಲ್ಲ?” ಎಂದಳು.

“ಸಿಗತದ,” ಎಂದೆ. ಸುಳ್ಳು ಹೇಳಲಿಲ್ಲ, ಖರೇನೂ ಹೇಳಲಿಲ್ಲ. ಅರಿವೆ ಸಿಗುತ್ತದೆ. ಆಕೆಗೆ ಬೇಕಾದದ್ದು ಅರಿವೆಯಲ್ಲ.

ಒಂಬತ್ತೂವರೆಗೆ ರೋಣದ ಬಸ್ಸು ಹಿಡಿದೆವು. ನನ್ನನ್ನು ಕಿಟಕಿಯ ಕಡೆ ಕೂರಿಸಿ ಆಕೆ ಪಕ್ಕದಲ್ಲಿ ಕೂತಳು. ಅಂಗಿ ಸಿಗುತ್ತದೆಂದು ಗಟ್ಟಿಯಾದ ಮೇಲೆ ಆಕೆಗೆ ಮಾತು ಬಂದಿತ್ತು, ನನಗೆ ಹೋಗಿತ್ತು. ಅಂಗಿಯನ್ನು ಅವ್ವ ಬೇಕಂತಲೇ ದೊಡ್ಡದು ಹೊಲಿದಿದ್ದಳಂತೆ, ಎರಡು ವರ್ಷವಾದರೂ ಬರಲಿ ಎಂದು. ನಡೆದರೆ ಕಾಲಿಗೆ ತೊಡರುತ್ತಿತ್ತಂತೆ, ಮಾವ ಹಗ್ಗದಿಂದ ನಡಕ್ಕೆ ಎತ್ತಿ ಕಟ್ಟಿದನಂತೆ. ಅಂಚಿಗೆ ಹಿಮ ಹತ್ತಿ ಕಟ್ಟಿಗೆಯ ಹಾಗೆ ಬಿರುಸಾಗಿ ಕಾಲಿನ ಮೀನಖಂಡ ಕೆತ್ತಿ ರಕ್ತ ಬರುತ್ತಿತ್ತಂತೆ. ಇತ್ತ ಬಂದ ಮೇಲೆ ಕ್ಯಾಂಪಿನಲ್ಲಿ, ಎಲ್ಲರ ಮೈಗೂ ಹೇನು ಆಗಿವೆ ಎಂದು ಅರಿವೆ ಇಸಿದುಕೊಂಡು ಸುಟ್ಟರಂತೆ.

“ನಾ ಕೊಡಲಿಲ್ಲ. ಇಸಗೊಳ್ಳಾಕ ಬಂದಾಕಿ ಕೈ ಕಚ್ಚಿದೆ,” ಎಂದು ನಕ್ಕಳು. “ಅಕಿ ನನ್ನ ಕಪಾಳಕ್ಕ ಹೊಡದ್ಲು. ಹೊಡದು, ಬಿಸಿನೀರಾಗ ಕುದಿಸಿ ತಿರಗಿ ಕೊಟ್ಲು. ಚಲೋ ಹೆಂಗಸು.”

ನಾನು ಹೂಂಗುಟ್ಟಿದೆ. ಹೊರಗೆ ಜೋಳ ಮೊಣಕಾಲೆತ್ತರ ಬಂದಿತ್ತು, ಕಡಲೆ ಹಸುರಾಗಿತ್ತು. ನಾನು ಒಂದೇ ಲೆಕ್ಕ ಹಾಕುತ್ತಿದ್ದೆ. ಕೊರಳಪಟ್ಟಿ ಬಿಚ್ಚಿದೆನೋ ಇಲ್ಲವೋ? ಮೂರನೆಯ ದಿನ ಕೂಸು ಅಳುತ್ತಿತ್ತು, ನಡುನಡುವೆ ಎದ್ದು ಹೋಗಿದ್ದೆ. ಒಂದು ಗೇಣು ಹೊಲಿಗೆಯಾದರೂ ಉಳಿದಿರಬಹುದು. ಬನಶಂಕರಿ ತಾಯಿ, ಒಂದು ಗೇಣು ಉಳಿಸಿರು, ಎಂದು ಬೇಡಿಕೊಂಡೆ. ನಾನು ಕೆಲಸದಲ್ಲಿ ಕಳ್ಳತನ ಮಾಡಿರಲಿ ಎಂದು ಬೇಡಿಕೊಂಡದ್ದು ಅದೇ ಮೊದಲು. ರೋಣದಲ್ಲಿ ಬಸ್ಸು ಬದಲಿಸುವಾಗ ಹೇಳೋಣ ಎಂದುಕೊಂಡೆ, ಹೇಳಲಿಲ್ಲ. ನರಗುಂದದ ಗುಡ್ಡ ಕಂಡಾಗಲೂ ಹೇಳಲಿಲ್ಲ. ಈ ಬಸ್ಸು ಎಲ್ಲಿಯೂ ಮುಟ್ಟದಿದ್ದರೆ ಚಲೋ ಎನ್ನಿಸುತ್ತಿತ್ತು.

ಬೀಗತಿ ಬಾಗಿಲಲ್ಲೇ ಸಿಕ್ಕಳು. ಕೈಕಾಲಿಗೆ ನೀರು ಕೊಟ್ಟಳು, ಉಪ್ಪಿಟ್ಟು ಮಾಡಿಸಿದಳು, ಎಲ್ಲ ಸರಿ. ಬಂದ ಕೆಲಸ ಹೇಳಿದ ಕೂಡಲೆ ಮಾರಿ ಬದಲಾಯಿತು.

“ಕೂಸು ಮಲಗೂ ಕೌದಿ ಯಾರರೆ ಬಿಚ್ಚತಾರೇನ್ರಿ ಬೀಗತಿ? ಅದೂ ಚೊಚ್ಚಲ ಕೂಸಿಂದು. ಹೊಸಾದೊಂದು ಹೊಲದು ತರ್ರಿ, ಆಮ್ಯಾಲೆ ಇದನ್ನ ಒಯ್ದು ಏನರೆ ಮಾಡ್ರಿ.”

“ತರತೀನ್ರಿ, ಒಂದಲ್ಲ ಎರಡು ತರತೀನಿ. ಆದ್ರ ಇದು ಇವತ್ತ ಬಿಚ್ಚಬೇಕು. ಇದರಾಗ ಇವರ ಅರಿವಿ ಐತಿ.”

“ಕೊಟ್ಟದ್ದನ್ನ ತಿರಗಿ ಕೇಳೂದು ಯಾವ ಊರಿನ ರೀತಿರಿ?”

“ಕದ್ದದ್ದನ್ನ ಕೊಟ್ಟೀನ್ರಿ ನಾನು!” ಎಂದುಬಿಟ್ಟೆ. ಗಟ್ಟಿಯಾಗಿಯೇ ಎಂದೆ. ಮಗಳು ಹೋಗಿ, ಕೂಸನ್ನು ಮೆಲ್ಲಗೆ ಎತ್ತಿ ಹೆಗಲಿಗೆ ಹಾಕಿಕೊಂಡು, ಕೌದಿ ತಂದು ನಡುಮನೆಯಲ್ಲಿ ಹಾಸಿದಳು. ಒಂದು ಬ್ಲೇಡೂ ತಂದಿಟ್ಟಳು.

ನನ್ನ ಹೊಲಿಗೆಯನ್ನು ನಾನೇ ಬಿಚ್ಚಿದೆ. ಅದೇನು ಕಷ್ಟವಿಲ್ಲ, ಎಲ್ಲಿ ಕೊಯ್ದರೆ ಎಲ್ಲಿ ಸಡಿಲಾಗುತ್ತದೆಂದು ಕೈಗೆ ಗೊತ್ತು. ನಡುವಿನಿಂದ ಮೊದಲು ಒಂದು ತೋಳು ಬಂತು. ಅಕ್ಕ ಅದನ್ನು ಎರಡೂ ಕೈಯಿಂದ ಇಸಿದುಕೊಂಡು ಮೂಗಿಗೆ ಹಿಡಿದಳು. ಆಮೇಲೆ ಇನ್ನೊಂದು ತೋಳು, ಬೆನ್ನು, ಎದೆಯ ಎರಡು ಪಾಲು. ಕಡೆಗೆ ಕೊರಳಪಟ್ಟಿ. ನಾನು ಅದನ್ನು ತಿರುವಿ ನೋಡಿದೆ. ಒಂದು ಎಳೆ ದಾರವೂ ಇರಲಿಲ್ಲ. ಅತ್ತೆ ಇದ್ದಿದ್ದರೆ ಶಭಾಸ್ ಎನ್ನುತ್ತಿದ್ದಳು.

ಅಕ್ಕ ತುಂಡುಗಳನ್ನು ನೆಲದ ಮೇಲೆ ಅಂಗಿಯ ಆಕಾರದಲ್ಲಿ ಜೋಡಿಸಿದಳು. ಅಂಚಿನ ಮೇಲೆ ಬೆರಳು ಎಳೆದಳು. ಇನ್ನೊಂದು ಅಂಚು, ಮತ್ತೊಂದು ಅಂಚು. ಎರಡು ತುಂಡು ಹಿಡಿದು ಮೇಲೆತ್ತಿದಳು, ಅವು ಬೇರೆ ಬೇರೆ ಕೈಯಲ್ಲಿ ಉಳಿದವು.

“ಹೊಲಿಗಿ ಎಲ್ಲಿ?”

“ಬಿಚ್ಚಿದೆ ಅಕ್ಕಾ.”

“ಎಲ್ಲಾ?”

“ಎಲ್ಲಾ.”

“ದಾರ?”

“ನೀರೊಲಿಗೆ ಹಾಕಿದೆ.”

ಆಕೆ ನನ್ನ ಕೈಯ ಮೇಲೆ ಹೊಡೆದಳು. ಮುಂಗೈ ಹಿಡಿದು ಮತ್ತೆ ಮತ್ತೆ ಹೊಡೆದಳು, ಅವರ ಭಾಷೆಯಲ್ಲಿ ಏನೇನೋ ಅಂದಳು. ಎಪ್ಪತ್ತು ವರ್ಷದ ಹೆಂಗಸು, ಅಳು ಮಾತ್ರ ಸಣ್ಣ ಕೂಸಿನದು. ಕೈ ಹಿಂದೆ ತೆಗೆದುಕೊಳ್ಳಬೇಕು ಎಂದು ನನಗೆ ಅನ್ನಿಸಲಿಲ್ಲ. ಬೀಗತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ಅಕ್ಕನ ಉಸಿರು ಸ್ವಲ್ಪ ಇಳಿದ ಮೇಲೆ ನಾನು, “ಅರಿವಿ ಒಂದು ಎಳೀನೂ ಕೆಟ್ಟಿಲ್ಲಕ್ಕಾ. ಇದ್ದಂಗ ಹೊಲದು ಕೊಡತೀನಿ, ಗುರ್ತ ಹತ್ತಂಗಿಲ್ಲ” ಎಂದೆ. ಎಂಥ ಮಾತು!

“ನೀ ಹೊಲದ್ರ ಅದು ನಿನ್ನ ಹೊಲಿಗಿ,” ಎಂದಳು ಆಕೆ. ಕನ್ನಡದಲ್ಲೇ ಅಂದಳು.

ತುಂಡುಗಳನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಎದ್ದಳು. ಊಟಕ್ಕೆ ನಿಲ್ಲಲಿಲ್ಲ. ಬೀಗತಿಗೆ ಮಾತ್ರ ಕೈ ಮುಗಿದಳು. ತಿರುಗಿ ಬರುವ ಬಸ್ಸಿನಲ್ಲಿ ಮುಂದಿನ ಸೀಟಿನಲ್ಲಿ ಆಕೆ ಒಬ್ಬಳೇ ಕೂತಳು, ನಾನು ಎರಡು ಸೀಟು ಹಿಂದೆ. ಆಕೆಯ ಬೋಳು ಕತ್ತು ನೋಡುತ್ತ ಕೂತಿದ್ದೆ. ನನಗೆ ಅಳುವುದಕ್ಕೂ ಶಕ್ತಿ ಇರಲಿಲ್ಲ, ಬರೀ ದಣಿವು. ಕೇಳದೇ ಇದ್ದ ಇಪ್ಪತ್ತು ವರ್ಷದ ದಣಿವು ಒಂದೇ ಮಧ್ಯಾಹ್ನ ಮೈಮೇಲೆ ಬಂದಿತ್ತು.

ರೋಣದಲ್ಲಿ ಇಳಿದಾಗ ಗಜೇಂದ್ರಗಡದ ಬಸ್ಸು ಇನ್ನೂ ಬಂದಿರಲಿಲ್ಲ. ಒಂದೇ ಬೆಂಚು ಖಾಲಿ ಇತ್ತು. ಆ ತುದಿಗೆ ಆಕೆ, ಈ ತುದಿಗೆ ನಾನು. ಬಿಸಿಲು ಇಳಿದು ಸಂಜೆಯಾಗುತ್ತಿತ್ತು, ಸಾಲಿ ಬಿಟ್ಟ ಹುಡುಗಿಯರು ಗದ್ದಲ ಹಾಕುತ್ತಿದ್ದರು. ಎದುರಿಗೇ ನೋಡುತ್ತ ಆಕೆ ಕೇಳಿದಳು.

“ಲಗೂ ಬಿಚ್ಚಿತೇನು?”

“ಇಲ್ಲಕ್ಕಾ. ಮೂರು ಮಧ್ಯಾನ್ನ ಹಿಡೀತು. ನಾ ನಿಮ್ಮವ್ವಗ ಬೈದೆ. ಕೈ ಸೇದಿ ಹೋಗ್ಲಿ ಅಂದೆ.” ಇದನ್ನು ಹೇಳಬೇಕಾಗಿರಲಿಲ್ಲ. ಒಳಗೆ ಇಟ್ಟುಕೊಳ್ಳಲು ಇನ್ನು ಆಗಲಿಲ್ಲ.

ಹೊಡೆಯುತ್ತಾಳೆಂದು ಕಾದೆ. ಹೊಡೆಯಲಿಲ್ಲ.

“ಯಾಕ ಬೈದಿ?”

“ಭಾಳ ಬಿಗಿ ಇತ್ತು. ಮತ್ತ ನಮ್ಮ ಕೈಗೆ ತಿರುವುಮುರುವು. ಟಾಕಿ ಎಲ್ಲಾ ಆ ಕಡಿಂದ ಈ ಕಡಿಗೆ ವಾಲಿದ್ವು. ಎಡಗೈಯವ್ರು ಹೊಲದದ್ದು ಹಂಗ ಇರತದ.”

“ಎಡಗೈ?” ಆಕೆ ತಿರುಗಿದಳು.

“ಹೂಂ. ನಿಮ್ಮವ್ವ ಎಡಚಿ ಇದ್ಲು ಅಕ್ಕಾ. ನಿನಗ ಗೊತ್ತಿಲ್ಲೇನು?”

ಆಕೆ ತಲೆ ಅಲ್ಲಾಡಿಸಿದಳು. “ಮಾವ ಹೇಳಲಿಲ್ಲ. ಯಾರೂ ಹೇಳಲಿಲ್ಲ.” ಬೆಂಚಿನ ಮೇಲೆ ನನ್ನ ಕಡೆಗೆ ಸರಿದು ಬಂದಳು. “ಮತ್ತ?”

ನಾನು ನೆನಪು ಮಾಡಿಕೊಂಡೆ. ಕೈಯನ್ನು ಗಾಳಿಯಲ್ಲಿ ಆಡಿಸಿ ನೋಡಿಕೊಂಡೆ. ಬಗಲಲ್ಲಿ ಎರಡೆರಡು ಸಲ ಹೊಲಿದಿದ್ದಳು, ಎತ್ತಿಕೊಳ್ಳುವಾಗ ಹರಿಯಬಾರದೆಂದು. ಒಂದು ತೋಳನ್ನು ಉಲ್ಟಾ ಹಚ್ಚಿ, ಬಿಚ್ಚಿ, ಮತ್ತೆ ಹಚ್ಚಿದ್ದಳು, ಹಳೆಯ ತೂತು ಕಾಣುತ್ತಿದ್ದವು. ಮೇಲೆಲ್ಲ ಸಣ್ಣ ಸಣ್ಣ ಟಾಕೆ, ಕೆಳಗಿನ ಅಂಚಿಗೆ ಬರುವಾಗ ಉದ್ದುದ್ದ. ಹೊತ್ತು ಸಾಲದೆ ಬಂದಿರಬೇಕು. ದಾರವೂ ಸಾಲಲಿಲ್ಲ, ಕಡೆಯ ಒಂದು ಮೊಳ ಬೇರೆ ಬಣ್ಣದ್ದು. ಆದರೂ ಗಂಟು ಹಾಕುವುದರಲ್ಲಿ ಅವಸರ ಮಾಡಿರಲಿಲ್ಲ, ಒಂದೊಂದಕ್ಕೆ ಮೂರು ಸುತ್ತು. ನಾನು ಒಂದೊಂದು ಹೇಳಿದ ಹಾಗೂ ಆಕೆ “ಮತ್ತ?” ಎನ್ನುತ್ತಿದ್ದಳು. ಉಸಿರು ಬಿಡುವುದಕ್ಕೂ ಕೊಡಲಿಲ್ಲ.

“ಅಕಿನ್ನ ಕಂಡಾವ್ರು ಈಗ ಯಾರೂ ಉಳಿದಿಲ್ಲ ತಂಗಿ,” ಎಂದಳು. “ನೀನ ಹೇಳಬೇಕು.”

ಬಸ್ಸು ಬಂತು. ಈ ಸಲ ನನ್ನ ಪಕ್ಕದಲ್ಲಿ ಕೂತಳು. ಊರು ದಾಟುವಷ್ಟರಲ್ಲಿ ನನಗೆ ಗೊತ್ತಿದ್ದದ್ದೆಲ್ಲ ಮುಗಿದಿತ್ತು. ಇನ್ನೆರಡು ಕಟ್ಟಿ ಹೇಳಿದ್ದರೂ ಆಕೆ ನಂಬುತ್ತಿದ್ದಳು, ಬಾಯಿಯ ತುದಿಗೆ ಬಂದೂ ಇತ್ತು. ಆದರೆ ಆಕೆಯ ಅವ್ವನ ಮೇಲೆ ನಾನು ಅಂದದ್ದೇ ಸಾಕಾಗಿತ್ತು.

“ಅಷ್ಟ ಅಕ್ಕಾ,” ಎಂದೆ. “ಮತ್ತೇನೂ ನನಗ ಗೊತ್ತಿಲ್ಲ.”

ಆಕೆ ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡು, ಸೀಟಿಗೆ ಒರಗಿ ಕಣ್ಣು ಮುಚ್ಚಿದಳು.

“ಹಂಗಾದ್ರ ಮೊದಲಿಂದ ಹೇಳು,” ಎಂದಳು.